ಎರಡು ನಲ್ಲಿ, ಒಂದು ಕೊಡ

ಒಂದು ನಲ್ಲಿಯಿಂದ ಕೊಡ ತುಂಬಲು ಎರಡು ನಿಮಿಷ ಬೇಕು. ಅಂಥವೇ ಎರಡು ನಲ್ಲಿಗಳನ್ನು ಒಟ್ಟಿಗೆ ಬಿಟ್ಟರೆ ಎಷ್ಟು ಹೊತ್ತು? ಒಂದೇ ನಿಮಿಷ ಎಂದು ಐದನೇ ಕ್ಲಾಸಿನ ಮಕ್ಕಳೂ ಬಾಯಿಲೆಕ್ಕದಲ್ಲಿ ಹೇಳುತ್ತಾರೆ. ಈ ಲೆಕ್ಕವನ್ನು ನಂಬಿ ನನ್ನ ಪರಿಚಯದ ವಿಡಿಯೊ ಸ್ಟುಡಿಯೊ ಮಾಲೀಕರೊಬ್ಬರು ಪೇಚಿಗೆ ಸಿಕ್ಕಿಕೊಂಡರು.

ಅವರದು ಮದುವೆ ವಿಡಿಯೊ ಕೆಲಸ. ಮುಹೂರ್ತದ್ದು, ಆರತಕ್ಷತೆಯದು, ಡ್ರೋನಿನದು ಎಂದು ಒಂದೊಂದು ಕಡತವೂ 45 ಜಿಬಿ ತೂಗುತ್ತದೆ. ಎಲ್ಲವೂ ಮೂಲೆಯಲ್ಲಿರುವ ಸರ್ವರ್‌ನಲ್ಲಿ ಜಮೆ. ಅಲ್ಲಿಂದ ಒಂದು ಕಡತವನ್ನು ತಮ್ಮ ಎಡಿಟಿಂಗ್ ಯಂತ್ರಕ್ಕೆ ಎಳೆದುಕೊಳ್ಳಲು ಏಳು ನಿಮಿಷ ಹಿಡಿಯುತ್ತಿತ್ತು. ಇರುವುದು ಒಂದೇ ವೈರು, ಅದಕ್ಕೇ ಈ ಪಾಡು ಎಂದುಕೊಂಡು ಸರ್ವರ್‌ಗೂ ತಮ್ಮ ಯಂತ್ರಕ್ಕೂ ಇನ್ನೊಂದೊಂದು ನೆಟ್‌ವರ್ಕ್ ಕಾರ್ಡ್ ಹಾಕಿಸಿ, ಎರಡೆರಡು ವೈರುಗಳನ್ನು ಜೋಡಿ ಮಾಡಿಸಿದರು. ಗಡಿಯಾರ ನೋಡುತ್ತ ಕುಳಿತರು. ಮತ್ತೆ ಏಳೇ ನಿಮಿಷ.

ಅಂಗಡಿಯವರ ಜೊತೆ ಜಗಳಕ್ಕೆ ಇಳಿಯುವ ಮುಂಚೆ ಇನ್ನೊಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಸ್ಟುಡಿಯೊದಲ್ಲಿ ಮೂವರು ಸಹಾಯಕರಿದ್ದಾರೆ, ಅವರ ಯಂತ್ರಗಳಿಗೆ ಒಂದೊಂದೇ ವೈರು. ಹಿಂದೆಲ್ಲ ಒಂದನೇ ಮತ್ತು ಎರಡನೇ ಸಹಾಯಕ ಒಟ್ಟಿಗೆ ಕಡತ ಎಳೆದರೆ ಇಬ್ಬರಿಗೂ ಹದಿನಾಲ್ಕು ನಿಮಿಷ ಆಗುತ್ತಿತ್ತು. ಈಗ ಇಬ್ಬರಿಗೂ ಏಳೇ ನಿಮಿಷ! ಹಾಗಾದರೆ ಎರಡನೇ ವೈರು ಕೆಲಸ ಮಾಡುತ್ತಿದೆ. ಮರುದಿನ ಒಂದನೆಯವನೂ ಮೂರನೆಯವನೂ ಒಟ್ಟಿಗೆ ಎಳೆದರು. ಮತ್ತೆ ಹದಿನಾಲ್ಕು ನಿಮಿಷ. ಸರ್ವರ್‌ನ ಹಿಂದೆ ಹೋಗಿ ನೋಡಿದರೆ ಒಂದು ವೈರಿನ ದೀಪ ಪಟಪಟನೆ ಮಿಣುಕುತ್ತಿದೆ, ಇನ್ನೊಂದರದ್ದು ಆಗೊಮ್ಮೆ ಈಗೊಮ್ಮೆ ಕಣ್ಣು ಪಿಳುಕಿಸುತ್ತ ಆರಾಮವಾಗಿದೆ.

ಒಬ್ಬರೇ ಎಳೆದರೆ ಲಾಭವಿಲ್ಲ, ಇಬ್ಬರು ಎಳೆದರೆ ಲಾಭ, ಬೇರೆ ಇಬ್ಬರು ಎಳೆದರೆ ಮತ್ತೆ ಇಲ್ಲ. ಮೂರು ಒಗಟು, ಉತ್ತರ ಮಾತ್ರ ಒಂದೇ. ಅದನ್ನು ಹುಡುಕೋಣ.

ಬಾಗಿಲು ಮತ್ತು ಪೊಟ್ಟಣ

ನೆಟ್‌ವರ್ಕ್ ಕಾರ್ಡ್ ಎಂದರೆ ಕಂಪ್ಯೂಟರಿನ ಬಾಗಿಲು. ಒಳಗಿನದು ಹೊರಗೆ ಹೋಗುವುದೂ ಹೊರಗಿನದು ಒಳಗೆ ಬರುವುದೂ ಇಲ್ಲಿಂದಲೇ. ಪ್ರತಿ ಕಾರ್ಡಿಗೂ ಕಾರ್ಖಾನೆಯಲ್ಲೇ 12 ಅಂಕಿಗಳ ಒಂದು ಗುರುತು ಕೊಟ್ಟಿರುತ್ತಾರೆ. ತಂತ್ರಜ್ಞರು ಅದನ್ನು ಮ್ಯಾಕ್ ಅಡ್ರೆಸ್ ಎನ್ನುತ್ತಾರೆ, ನಾವು ಹುಟ್ಟುವಿಳಾಸ ಎನ್ನೋಣ. ಎಲ್ಲ ಯಂತ್ರಗಳ ವೈರುಗಳೂ ಬಂದು ಸೇರುವ ಪೆಟ್ಟಿಗೆಯೇ ಸ್ವಿಚ್. ಯಾವ ಹುಟ್ಟುವಿಳಾಸ ತನ್ನ ಯಾವ ಕಿಂಡಿಯ ಕಡೆಗಿದೆ ಎಂದು ನೆನಪಿಟ್ಟುಕೊಂಡು ಸರಕು ಹಂಚುವ ಪೋಸ್ಟ್‌ಮ್ಯಾನ್ ಅದು.

ಈ ಬಾಗಿಲಿನಿಂದ ದೊಡ್ಡ ಕಡತ ಇಡಿಯಾಗಿ ದಾಟುವುದಿಲ್ಲ, ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ಇವೇ ಪ್ಯಾಕೆಟ್‌ಗಳು. ಸಾಮಾನ್ಯವಾಗಿ ಒಂದು ಪೊಟ್ಟಣದಲ್ಲಿ ಹೆಚ್ಚೆಂದರೆ 1500 ಬೈಟ್ ಹಿಡಿಸುತ್ತದೆ. ನಮ್ಮ 45 ಜಿಬಿ ಮದುವೆ ಎಂದರೆ ಮೂರು ಕೋಟಿಗೂ ಹೆಚ್ಚು ಪೊಟ್ಟಣಗಳು. ಗಿಗಾಬಿಟ್ ವೈರಿನಲ್ಲಿ ಒಂದು ಪೊಟ್ಟಣವನ್ನು ತಳ್ಳಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಸಮಯ ಸಾಕು. ಲೆಕ್ಕದ ಪ್ರಕಾರ ಸೆಕೆಂಡಿಗೆ 125 ಎಂಬಿ, ಪೊಟ್ಟಣದ ಮೇಲಿನ ವಿಳಾಸ ಇತ್ಯಾದಿ ಕಳೆದರೆ ಕೈಗೆ ಸಿಗುವುದು 110ರ ಆಸುಪಾಸು. ಮಾಲೀಕರ ಏಳು ನಿಮಿಷ ಬಂದದ್ದು ಇಲ್ಲಿಂದ.

ಹಾಗಿದ್ದರೆ ಮೊದಲ ಪೊಟ್ಟಣವನ್ನು ಈ ವೈರಿಗೆ, ಎರಡನೆಯದನ್ನು ಆ ವೈರಿಗೆ ಎಂದು ಸರದಿಯಂತೆ ಹಂಚಿದರೆ ಮೂರೂವರೆ ನಿಮಿಷದಲ್ಲಿ ಮುಗಿಯಬೇಕಲ್ಲವೇ?

ನೀರಿಗಿಲ್ಲದ ಸಾಲು

ಕೊಡಕ್ಕೆ ಯಾವ ಹನಿ ಮೊದಲು ಬಿದ್ದರೂ ನೀರು ನೀರೇ. ಮಾಹಿತಿ ಹಾಗಲ್ಲ, ಅದಕ್ಕೆ ಸಾಲು ಉಂಟು.

ನೀವು ಕಾದಂಬರಿಯ ಹಸ್ತಪ್ರತಿಯನ್ನು ಬಿಡಿ ಹಾಳೆಗಳಲ್ಲಿ ಶಿವಮೊಗ್ಗದಿಂದ ಮಂಗಳೂರಿನ ಮುದ್ರಕರಿಗೆ ಕಳಿಸುತ್ತಿದ್ದೀರಿ ಎನ್ನಿ. ಬೆಸ ಪುಟಗಳು ಆಗುಂಬೆ ಘಾಟಿಯ ಬಸ್ಸಿನಲ್ಲಿ, ಸರಿ ಪುಟಗಳು ಹುಲಿಕಲ್ ಘಾಟಿಯ ಬಸ್ಸಿನಲ್ಲಿ. ಒಂದು ಬಸ್ಸು ತಿರುವಿನಲ್ಲಿ ಸ್ವಲ್ಪ ನಿಂತರೂ ಸಾಕು, ಮುದ್ರಕರ ಮೇಜಿನ ಮೇಲೆ 5, 7, 9, 11 ಬಂದು ಬಿದ್ದಿರುತ್ತವೆ, 6ರ ಸುಳಿವಿಲ್ಲ. ಪುಟಸಂಖ್ಯೆ ಇರುವುದರಿಂದ ಜೋಡಿಸಿಕೊಳ್ಳಬಹುದು ನಿಜ. ಆದರೆ ಮುದ್ರಕರು ಸುಮ್ಮನೆ ಕಾಯುವ ಪೈಕಿ ಅಲ್ಲ. 7 ಬಂದಾಗ "ಆರು ಬಂದಿಲ್ಲ" ಎಂದು ಫೋನ್, 9 ಬಂದಾಗ ಮತ್ತೆ "ಆರು ಬಂದಿಲ್ಲ", 11 ಬಂದಾಗ ಮತ್ತೂ ಒಮ್ಮೆ.

ಇಂಟರ್‌ನೆಟ್ಟಿನ ಪತ್ರವ್ಯವಹಾರದ ನಿಯಮವಾದ ಟಿಸಿಪಿ ನಡೆದುಕೊಳ್ಳುವುದು ಥೇಟ್ ಹೀಗೆ. ಒಂದೇ ದೂರು ಮೂರು ಸಲ ಮರುಕಳಿಸಿದರೆ ಕಳಿಸುವವರು ಆ ಪೊಟ್ಟಣ ದಾರಿಯಲ್ಲಿ ಕಳೆದೇಹೋಯಿತು ಎಂದು ತೀರ್ಮಾನಿಸುತ್ತಾರೆ. ಅದನ್ನು ಮತ್ತೆ ಕಳಿಸುತ್ತಾರೆ. ಮೇಲಾಗಿ, ದಾರಿಯಲ್ಲಿ ನೂಕುನುಗ್ಗಲು ಇರಬೇಕು ಎಂದು ಊಹಿಸಿ ತಮ್ಮ ವೇಗವನ್ನೂ ಇಳಿಸಿಬಿಡುತ್ತಾರೆ.

ಈ ಅಳುಕಿಗೆ ಚರಿತ್ರೆಯಿದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದಲ್ಲೇ ಇದ್ದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ 40 ಬಿಟ್‌ಗೆ ಕುಸಿಯಿತು. ಎಲ್ಲರೂ ಕಳೆದ ಪೊಟ್ಟಣಗಳನ್ನು ಮತ್ತೆ ಮತ್ತೆ ನುಗ್ಗಿಸುತ್ತಿದ್ದುದೇ ದಾರಿ ಕಟ್ಟಿಕೊಳ್ಳಲು ಕಾರಣ. ವ್ಯಾನ್ ಜೇಕಬ್ಸನ್ ಎಂಬ ವಿಜ್ಞಾನಿ ಇದರ ಬೆನ್ನುಹತ್ತಿ 1988ರಲ್ಲಿ ಪರಿಹಾರ ಪ್ರಕಟಿಸಿದರು: ಪೊಟ್ಟಣ ಕಳೆದರೆ ವೇಗ ತಗ್ಗಿಸಿ. ಇಂದಿಗೂ ಇಂಟರ್‌ನೆಟ್ ಉಸಿರಾಡುತ್ತಿರುವುದು ಬಹುಮಟ್ಟಿಗೆ ಈ ಸಂಯಮದಿಂದ.

ಅಕ್ಕಪಕ್ಕದ ಎರಡು ವೈರುಗಳಲ್ಲಿ ಘಾಟಿ ಎಲ್ಲಿಂದ ಬಂತು ಎಂದು ಕೇಳಬಹುದು. ವೈರಿನಲ್ಲಿ ಇಲ್ಲ, ಕಾರ್ಡಿನಲ್ಲಿ ಇದೆ. ಪ್ರತಿ ಪೊಟ್ಟಣ ಬಂದಾಗಲೂ ಕಂಪ್ಯೂಟರಿನ ಬಾಗಿಲು ಬಡಿದರೆ ಅದಕ್ಕೆ ಬೇರೆ ಕೆಲಸ ಮಾಡಲಾಗದು. ಅದಕ್ಕೇ ಕಾರ್ಡು ಒಂದಷ್ಟು ಪೊಟ್ಟಣ ಕೂಡಿಟ್ಟುಕೊಂಡು ಒಟ್ಟಿಗೆ ಒಪ್ಪಿಸುತ್ತದೆ. ಎರಡು ಕಾರ್ಡುಗಳು ತಮ್ಮ ತಮ್ಮ ರಾಶಿಗಳನ್ನು ತಮ್ಮ ತಮ್ಮ ಹೊತ್ತಿಗೆ ತಂದು ಸುರಿದರೆ ಸಾಲು ಕಲಸುವುದಕ್ಕೆ ಅಷ್ಟು ಸಾಕು.

ಸರಿ–ಬೆಸ ಕೌಂಟರ್

ಸಾಲು ತಪ್ಪಬಾರದು, ಎರಡೂ ವೈರು ದುಡಿಯಬೇಕು. ಎಂಜಿನಿಯರುಗಳು ಕಂಡುಕೊಂಡ ಉಪಾಯ ನಿಮಗೂ ಗೊತ್ತಿರುವಂಥದ್ದೇ. ಕಾಲೇಜಿನಲ್ಲಿ ಪರೀಕ್ಷಾ ಶುಲ್ಕ ಕಟ್ಟುವ ದಿನ "ರಿಜಿಸ್ಟರ್ ನಂಬರ್ ಸರಿಸಂಖ್ಯೆ ಇರುವವರು ಒಂದನೇ ಕೌಂಟರ್, ಬೆಸ ಇರುವವರು ಎರಡನೇ ಕೌಂಟರ್" ಎಂದು ಚೀಟಿ ಅಂಟಿಸಿರುತ್ತಾರಲ್ಲ, ಅದೇ.

ಎರಡು ಯಂತ್ರಗಳ ನಡುವೆ ಸಾಗುವ ಪೊಟ್ಟಣಗಳ ಸರಣಿಯನ್ನು ಒಂದು ಮಾತುಕತೆ ಎನ್ನೋಣ. ಜೋಡಿ ಕಟ್ಟಿದ ಕಾರ್ಡುಗಳು ಮಾತುಕತೆಗಳನ್ನು ಹಂಚಿಕೊಳ್ಳುತ್ತವೆ, ಒಂದು ಮಾತುಕತೆಯನ್ನು ಸೀಳುವುದಿಲ್ಲ. ಯಾವ ಮಾತುಕತೆ ಯಾವ ವೈರಿಗೆ ಎಂದು ತೀರ್ಮಾನಿಸಲು ಪೊಟ್ಟಣದ ಮೇಲಿನ ವಿಳಾಸಗಳ ಮೇಲೆ ಒಂದು ಚಿಟಿಕೆಲೆಕ್ಕ ಹಾಕುತ್ತವೆ. ತಂತ್ರಜ್ಞರು ಹ್ಯಾಶ್ ಎನ್ನುವುದು ಇದಕ್ಕೇ. ವಿಳಾಸಗಳು ಬದಲಾಗದ ತನಕ ಲೆಕ್ಕದ ಉತ್ತರವೂ ಬದಲಾಗುವುದಿಲ್ಲ. ಹಾಗಾಗಿ ಆ ಮಾತುಕತೆಯ ಮೂರು ಕೋಟಿ ಪೊಟ್ಟಣಗಳೂ ಒಂದೇ ವೈರಿನಲ್ಲಿ, ಒಂದರ ಹಿಂದೆ ಒಂದು, ಇರುವೆ ಸಾಲಿನಂತೆ ಹೋಗುತ್ತವೆ.

ಲಿನಕ್ಸ್ ಸರ್ವರ್‌ನಲ್ಲಿ ನಾವು ಬೇರೇನೂ ಹೇಳದಿದ್ದರೆ ಈ ಲೆಕ್ಕ ನಡೆಯುವುದು ಹುಟ್ಟುವಿಳಾಸಗಳ ಮೇಲೆ. ವೈರು ಎರಡೇ ಇದ್ದಾಗ ಅದು ಹೆಚ್ಚುಕಡಿಮೆ ಹೀಗೆ: ಕಳಿಸುವವರ ವಿಳಾಸದ ಕೊನೆ ಮತ್ತು ಪಡೆಯುವವರ ವಿಳಾಸದ ಕೊನೆ ಎರಡೂ ಸರಿ ಅಥವಾ ಎರಡೂ ಬೆಸ ಇದ್ದರೆ ಮೊದಲ ವೈರು, ಒಂದು ಸರಿ ಇನ್ನೊಂದು ಬೆಸ ಇದ್ದರೆ ಎರಡನೇ ವೈರು.

ಈಗ ಸ್ಟುಡಿಯೊಗೆ ಹೋಗೋಣ. ಸರ್ವರ್‌ನ ಜೋಡಿ ಕಾರ್ಡುಗಳು ಒಂದೇ ಹುಟ್ಟುವಿಳಾಸ ಹೊರುತ್ತವೆ, ಅದು ಸರಿಸಂಖ್ಯೆಯಲ್ಲಿ ಮುಗಿಯುತ್ತದೆ ಎನ್ನಿ. ಒಂದನೇ ಸಹಾಯಕನದು ಸರಿ, ಎರಡನೆಯವನದು ಬೆಸ. ಇಬ್ಬರಿಗೂ ಬೇರೆ ಬೇರೆ ವೈರು ಸಿಕ್ಕಿತು, ಇಬ್ಬರದೂ ಏಳೇ ನಿಮಿಷದಲ್ಲಿ ಮುಗಿಯಿತು. ಮೂರನೆಯವನದೂ ಸರಿ. ಅವನು ಒಂದನೆಯವನ ಜೊತೆ ಒಂದೇ ಕೌಂಟರಿನಲ್ಲಿ ನಿಂತ, ಪಕ್ಕದ ಕೌಂಟರ್ ಖಾಲಿ ಹೊಡೆಯಿತು. ಇನ್ನು ಮಾಲೀಕರೋ, ಅವರು ಎಳೆದದ್ದು ಒಂದೇ ಕಡತ, ಒಂದೇ ಮಾತುಕತೆ. ಎರಡಲ್ಲ, ಎಂಟು ವೈರು ಹಾಕಿದ್ದರೂ ಅವರ ಕೊಡ ತುಂಬುತ್ತಿದ್ದುದು ಒಂದೇ ನಲ್ಲಿಯಿಂದ. ಮೂರು ಒಗಟೂ ಬಿಡಿಸಿಕೊಂಡವು.

ಇದೇ ಲೆಕ್ಕದೊಳಗೆ ಇನ್ನೊಂದು ಹಳ್ಳವಿದೆ. ಸರ್ವರ್ ಬಳಸುವವರೆಲ್ಲ ಹೊರಗಿನಿಂದ, ಒಂದೇ ರೌಟರ್ ಮೂಲಕ ಬರುತ್ತಿದ್ದರೆ ಸರ್ವರ್‌ಗೆ ಕಾಣುವ ಹುಟ್ಟುವಿಳಾಸ ಆ ರೌಟರ್‌ನದು ಮಾತ್ರ. ಸಾವಿರ ಜನ ಬಂದರೂ ಚಿಟಿಕೆಲೆಕ್ಕದ ಉತ್ತರ ಒಂದೇ, ಎಲ್ಲರೂ ಒಂದೇ ವೈರಿನಲ್ಲಿ. ಅಂಥ ಕಡೆ ಪ್ರತಿ ಯಂತ್ರಕ್ಕೂ ನೆಟ್‌ವರ್ಕ್‌ನಲ್ಲಿ ಕೊಡುವ ಐಪಿ ವಿಳಾಸವನ್ನೂ ಒಂದೊಂದು ಮಾತುಕತೆಯನ್ನು ಗುರುತಿಸುವ ಪೋರ್ಟ್ ಸಂಖ್ಯೆಯನ್ನೂ ಲೆಕ್ಕಕ್ಕೆ ಸೇರಿಸಿ ಎಂದು ಹೇಳಿಕೊಡಬೇಕು. ಮತ್ತೊಂದು ಮಾತು: ಸರ್ವರ್‌ನಿಂದ ಹೊರಡುವ ಪೊಟ್ಟಣಕ್ಕೆ ದಾರಿ ಹೇಳುವುದು ಸರ್ವರ್, ಸರ್ವರ್‌ಗೆ ಬರುವ ಪೊಟ್ಟಣಕ್ಕೆ ದಾರಿ ಹೇಳುವುದು ಸ್ವಿಚ್. ಒಂದು ಕಡೆ ಸರಿಪಡಿಸಿ ಇನ್ನೊಂದನ್ನು ಮರೆತರೆ ಅರ್ಧ ಕೆಲಸ ಮಾಡಿದಂತೆ.

ನಾಸಾದ ಹದಿನಾರು ಯಂತ್ರಗಳು

ಸರದಿಯಂತೆ ಪೊಟ್ಟಣ ಹಂಚುವುದನ್ನು ಯಾರೂ ಮಾಡಿ ನೋಡಿಲ್ಲವೇ? ಮಾಡಿದ್ದಾರೆ, ಗೆದ್ದೂ ಇದ್ದಾರೆ. 1994ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಮಾಮೂಲಿ ಡಿಎಕ್ಸ್4 ಚಿಪ್ಪಿನ 16 ಯಂತ್ರಗಳನ್ನು ಸೇರಿಸಿ ಸೂಪರ್ ಕಂಪ್ಯೂಟರಿನ ಕೆಲಸ ಮಾಡಿಸಲು ಹೊರಟರು. ಅದರ ಹೆಸರು ಬೇವುಲ್ಫ್. ಈಥರ್‌ನೆಟ್ ಎಂದು ಕರೆಯುವ ಈ ವೈರಿನ ನೆಟ್‌ವರ್ಕಿನ ಆಗಿನ ವೇಗ ಸೆಕೆಂಡಿಗೆ 10 ಮೆಗಾಬಿಟ್. ಚಿಪ್ಪುಗಳಿಗೆ ಅದು ಸಾಲದು, ಸ್ವಿಚ್ ಕೊಳ್ಳೋಣವೆಂದರೆ ವಿಪರೀತ ದುಬಾರಿ. ಬೆಕರ್ ಲಿನಕ್ಸ್‌ನ ಕಾರ್ಡ್ ಚಾಲಕ ತಂತ್ರಾಂಶವನ್ನೇ ತಿದ್ದಿ ಪೊಟ್ಟಣಗಳನ್ನು ಒಂದಕ್ಕಿಂತ ಹೆಚ್ಚು ಈಥರ್‌ನೆಟ್‌ಗಳಲ್ಲಿ ಹರವಿದರು. ಇಂದು ಲಿನಕ್ಸ್‌ನಲ್ಲಿ ಬಾಂಡಿಂಗ್ ಎಂದು ಕರೆಯುವ ಜೋಡಿಕಟ್ಟಿನ ಮೂಲಪುರುಷ ಇದೇ. ವಿಂಡೋಸ್ ಸರ್ವರ್ ಲೋಕದಲ್ಲಿ ಇದಕ್ಕೆ ಟೀಮಿಂಗ್ ಎಂಬ ಹೆಸರು, 2012ರ ಆವೃತ್ತಿಯಿಂದ ಅದು ಒಳಗೇ ಅಡಕವಾಗಿದೆ.

ಸರದಿ ಹಂಚಿಕೆಯ ವಿಧಾನ ಲಿನಕ್ಸ್‌ನಲ್ಲಿ ಈಗಲೂ ಉಂಟು. ಆದರೆ ಲಿನಕ್ಸ್‌ನ ಕೈಪಿಡಿಯೇ ಎಚ್ಚರಿಸುತ್ತದೆ: ಪೊಟ್ಟಣಗಳ ಸಾಲು ಕಲಸುತ್ತದೆ, ನಾಲ್ಕು ವೈರು ಸೇರಿಸಿ ಟಿಸಿಪಿಯನ್ನು ಹದಗೊಳಿಸಿದರೂ ಒಂದು ಮಾತುಕತೆಗೆ ಸುಮಾರು 2.3 ವೈರಿನಷ್ಟು ವೇಗವೇ ಗರಿಷ್ಠ. ಮಿಕ್ಕ ದುಡಿಮೆ "ಆರು ಬಂದಿಲ್ಲ" ಎಂಬ ದೂರುಗಳಿಗೆ ಜಮಾ. ಹೀಗಾಗಿಯೇ 2000ದಲ್ಲಿ 802.3ಎಡಿ ಎಂಬ ಜಾಗತಿಕ ನಿಯಮ ಬಂದಾಗ, ಒಂದು ಮಾತುಕತೆಯ ಸಾಲು ಕೆಡಬಾರದು ಎಂಬುದನ್ನು ಕಡ್ಡಾಯ ಮಾಡಿದರು.

ಸ್ಟೆಪ್ನಿ ಮತ್ತು ಜೋಡಿ ಟಯರು

ವೇಗದ ಮಾತು ಬದಿಗಿರಲಿ. ಎರಡನೇ ಕಾರ್ಡಿನ ನಿಜವಾದ ಬೆಲೆ ತಿಳಿಯುವುದು ಮೊದಲನೆಯದು ಕೆಟ್ಟಾಗ. ಇದರಲ್ಲಿ ಎರಡು ಬಗೆ.

ಮೊದಲನೆಯದು ಕಾರಿನ ಸ್ಟೆಪ್ನಿ ಇದ್ದಂತೆ. ಒಂದು ಕಾರ್ಡು ಓಡುತ್ತದೆ, ಇನ್ನೊಂದು ಕಾದು ಕೂತಿರುತ್ತದೆ. ಓಡುವುದು ಪಂಕ್ಚರ್ ಆದೊಡನೆ ಕಾದಿದ್ದು ಅದೇ ಹುಟ್ಟುವಿಳಾಸ ಹೊತ್ತು "ಇನ್ನು ಮೇಲೆ ನಾನು ಈ ಕಿಂಡಿಯಲ್ಲಿದ್ದೇನೆ" ಎಂದು ಸ್ವಿಚ್‌ಗೆ ಸಾರುತ್ತದೆ. ಕಾರಿನಂತೆ ಜಾಕ್ ಹಾಕಿ ಬೆವರು ಸುರಿಸಬೇಕಿಲ್ಲ, ಸಾಮಾನ್ಯವಾಗಿ ಸೆಕೆಂಡಿನೊಳಗೆ ಕೈಬದಲಾಗುತ್ತದೆ. ಸ್ವಿಚ್‌ನಲ್ಲಿ ಏನನ್ನೂ ತಿದ್ದಬೇಕಿಲ್ಲ.

ಎರಡನೆಯದು ಲಾರಿಯ ಹಿಂದಿನ ಜೋಡಿ ಟಯರಿನಂತೆ. ಎರಡೂ ಭಾರ ಹೊರುತ್ತವೆ, ಒಂದು ಹೋದರೆ ಇನ್ನೊಂದು ಎಳೆದುಕೊಂಡು ಹೋಗುತ್ತದೆ. ಇದಕ್ಕೆ ಸ್ವಿಚ್‌ನ ಒಪ್ಪಿಗೆ ಬೇಕು. ಕೇಳದೆ ಜೋಡಿ ಕಟ್ಟಿದರೆ ಒಂದೇ ಹುಟ್ಟುವಿಳಾಸ ಈಗ ಈ ಕಿಂಡಿಯಲ್ಲಿ, ಮರುಕ್ಷಣ ಆ ಕಿಂಡಿಯಲ್ಲಿ ಕಾಣಿಸಿಕೊಂಡು ಪೋಸ್ಟ್‌ಮ್ಯಾನ್ ತಲೆ ಕೆರೆದುಕೊಳ್ಳುತ್ತಾನೆ. ಅದಕ್ಕೇ ಸರ್ವರ್ ಮತ್ತು ಸ್ವಿಚ್ ಎಲ್‌ಎಸಿಪಿ ಎಂಬ ಭಾಷೆಯಲ್ಲಿ ಆಗಾಗ ಕ್ಷೇಮ ವಿಚಾರಿಸಿಕೊಳ್ಳುತ್ತವೆ. ಚುರುಕಾಗಿ ಬೇಕೆಂದರೆ ಸೆಕೆಂಡಿಗೊಮ್ಮೆ, ಸಾವಕಾಶವಾದರೆ 30 ಸೆಕೆಂಡಿಗೊಮ್ಮೆ. ಸತತ ಮೂರು ಸಲ ಉತ್ತರ ಬಾರದಿದ್ದರೆ ಆ ವೈರನ್ನು ಜೋಡಿಯಿಂದ ಕೈಬಿಡುತ್ತವೆ.

ಜೋಡಿ ಕಟ್ಟಿಯೂ ಮೋಸಹೋಗುವವರಿದ್ದಾರೆ. ಎರಡೂ ವೈರನ್ನು ಒಂದೇ ಸ್ವಿಚ್‌ಗೆ ಸಿಕ್ಕಿಸಿ ನೆಮ್ಮದಿಯಾಗಿ ಮಲಗುತ್ತಾರೆ. ಸ್ವಿಚ್ ಸುಟ್ಟರೆ ಎರಡೂ ಸತ್ತವು. ಒಂದೇ ಕಾರ್ಡಿನ ಎರಡು ಕಿಂಡಿಗಳನ್ನು ಜೋಡಿ ಮಾಡಿದರೂ ಅಷ್ಟೇ, ಕಾರ್ಡು ಹೋದರೆ ಜೋಡಿ ಹೋಯಿತು. ಹಸಿರು ದೀಪವೂ ಪೂರ್ತಿ ಸತ್ಯ ಹೇಳುವುದಿಲ್ಲ. ಅದು ಹೇಳುವುದು ಪಕ್ಕದ ಸ್ವಿಚ್‌ವರೆಗೆ ವೈರು ಸರಿಯಿದೆ ಎಂದಷ್ಟೇ, ಆ ಸ್ವಿಚ್‌ನ ಆಚೆ ದಾರಿ ತುಂಡಾಗಿದ್ದರೂ ದೀಪ ಹಸಿರಾಗಿಯೇ ಇರುತ್ತದೆ. ದೂರದ ಯಾವುದಾದರೂ ಯಂತ್ರವನ್ನು ಆಗಾಗ ಕೂಗಿ, ಓಗೊಡುತ್ತದೆಯೇ ಎಂದು ನೋಡುವ ವ್ಯವಸ್ಥೆಯೂ ಇದೆ. ಆಚೆಯ ದಾರಿ ಸರಿಯಿದೆಯೇ ಎಂದು ತಿಳಿಯಲು ಅದನ್ನೇ ನೆಚ್ಚಬೇಕು.

ಛತ್ರದ ಎರಡು ಬಾಗಿಲು

ಎಲ್ಲ ಕಾರ್ಡುಗಳನ್ನೂ ಜೋಡಿಸಲೇಬೇಕೆಂದಿಲ್ಲ. ಮದುವೆ ಛತ್ರ ನೆನಪಿಸಿಕೊಳ್ಳಿ. ನೆಂಟರಿಗೆ ಮುಂಬಾಗಿಲು, ಅಡುಗೆಯವರಿಗೆ, ತರಕಾರಿ ಗಾಡಿಗೆ, ಗ್ಯಾಸ್ ಸಿಲಿಂಡರಿಗೆ ಹಿಂಬಾಗಿಲು. ಮುಂಬಾಗಿಲು ಎಷ್ಟೇ ಅಗಲವಿರಲಿ, ಅಲ್ಲಿಂದ ಯಾರೂ ಬೂದುಗುಂಬಳದ ಮೂಟೆ ತರುವುದಿಲ್ಲ.

ಸರ್ವರ್‌ನಲ್ಲೂ ಕೆಲವು ಸರಕುಗಳಿಗೆ ಬೇರೆಯದೇ ಬಾಗಿಲು ಒಳ್ಳೆಯದು. ರಾತ್ರಿಯ ಬ್ಯಾಕಪ್ ಹೊತ್ತು ಮೀರಿ ಬೆಳಿಗ್ಗೆಗೂ ಮುಂದುವರಿದರೆ ಗಿರಾಕಿಗಳ ದಾರಿ ಕಟ್ಟಬಾರದು. ಆಡಳಿತದ ಬಾಗಿಲಂತೂ ಎಲ್ಲರ ಕಣ್ಣಿಗೆ ಬೀಳಬಾರದು. ಅನೇಕ ಸರ್ವರ್‌ಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಕಿಂಡಿ ಇರುತ್ತದೆ. ವಿದ್ಯುತ್ ಸಂಪರ್ಕವಿದ್ದರೆ ಸಾಕು, ಸರ್ವರ್ ಆಫ್ ಆಗಿದ್ದರೂ ಆ ಕಿಂಡಿ ಎಚ್ಚರವಾಗಿದ್ದು ದೂರದಿಂದಲೇ ಅದನ್ನು ಆನ್ ಮಾಡಲು ಬಿಡುತ್ತದೆ. ಹಾರ್ಡ್‌ಡಿಸ್ಕ್‌ಗಳ ಉಗ್ರಾಣವನ್ನು ನೆಟ್‌ವರ್ಕ್ ಮೂಲಕ ಬಳಸುವ ಐಸ್ಕಸಿ ವ್ಯವಸ್ಥೆಯಲ್ಲಿ, ಎರಡು ದಾರಿಗಳಿವೆ ಎಂಬುದು ಆ ತಂತ್ರಾಂಶಕ್ಕೇ ಗೊತ್ತಿರುತ್ತದೆ. ಅದಕ್ಕೆ ಎರಡು ಬಿಡಿ ಕಾರ್ಡು ಕೊಟ್ಟರೆ ಅದೇ ಹಂಚಿಕೊಳ್ಳುತ್ತದೆ, ನಾವು ಜೋಡಿ ಕಟ್ಟುವ ಅಗತ್ಯವಿಲ್ಲ.

ಬಿಡಿಯಾಗಿ ಇಡುವವರು ಒಂದು ತಪ್ಪನ್ನು ತಪ್ಪದೇ ಮಾಡುತ್ತಾರೆ. ಎರಡು ಕಾರ್ಡುಗಳಿಗೂ ಒಂದೇ ಬೀದಿಯ, ಅಂದರೆ ಒಂದೇ ಸಬ್‌ನೆಟ್ಟಿನ, ಐಪಿ ವಿಳಾಸ ಕೊಡುತ್ತಾರೆ. ಲಿನಕ್ಸ್ ಐಪಿ ವಿಳಾಸವನ್ನು ಕಾರ್ಡಿನ ಸ್ವತ್ತೆಂದು ಎಣಿಸುವುದಿಲ್ಲ, ಇಡೀ ಯಂತ್ರದ ಸ್ವತ್ತೆಂದು ಎಣಿಸುತ್ತದೆ. ಎರಡನೇ ಬಾಗಿಲಿನ ಹೆಸರು ಹಿಡಿದು ಕೂಗಿದರೆ ಮೊದಲ ಬಾಗಿಲಿನಿಂದಲೂ "ಓ" ಎನ್ನುತ್ತದೆ. ಹೊರಡುವ ಸರಕೆಲ್ಲ ಒಂದೇ ಬಾಗಿಲಿಗೆ ನುಗ್ಗುತ್ತದೆ. ಬೇರೆ ಬಾಗಿಲು ಎಂದರೆ ಅದು ಬೇರೆ ಬೀದಿಗೇ ತೆರೆಯಬೇಕು. ಹೊರ ಊರಿಗೆ ಹೋಗುವ ಹೆದ್ದಾರಿ, ಅಂದರೆ ಡಿಫಾಲ್ಟ್ ಗೇಟ್‌ವೇ, ಒಂದರಲ್ಲೇ ಇರಬೇಕು.

ಹಾಗಾದರೆ ಒಂದು ಕೊಡ ಬೇಗ ತುಂಬುವುದೇ ಇಲ್ಲವೇ?

ತುಂಬುತ್ತದೆ, ಕೊಡವನ್ನೇ ಎರಡು ತಂಬಿಗೆ ಮಾಡಿಕೊಂಡರೆ. ಕಡತ ಕಳಿಸುವ ತಂತ್ರಾಂಶವೇ ಒಂದು ಕಡತಕ್ಕೆ ಎರಡು ಮಾತುಕತೆ ತೆರೆದು, ಕೊನೆಗೆ ತುಂಡುಗಳನ್ನು ತಾನೇ ಹೊಲಿದುಕೊಂಡರೆ ಕೆಳಗಿನ ಕಾರ್ಡುಗಳಿಗೆ ಸಾಲಿನ ಚಿಂತೆಯಿಲ್ಲ. 2012ರ ವಿಂಡೋಸ್ ಸರ್ವರ್‌ನೊಂದಿಗೆ ಬಂದ ಎಸ್‌ಎಂಬಿ ಮಲ್ಟಿಚಾನೆಲ್ ಮಾಡುವುದು ಇದನ್ನೇ. ಅದಕ್ಕೆ ಕಾರ್ಡುಗಳನ್ನು ಬಿಡಿಬಿಡಿಯಾಗಿ ಬಿಟ್ಟರೂ ಸಾಕು. 2013ರಲ್ಲಿ ಆಪಲ್ ಕಂಪನಿ ತನ್ನ ಸಿರಿ ಸೇವೆಗೆ ಹೊಂದಿಸಿದ ಮಲ್ಟಿಪಾತ್ ಟಿಸಿಪಿಯೂ ಇದೇ ಜಾತಿಯದು, ಫೋನಿನ ವೈಫೈ ಮತ್ತು ಮೊಬೈಲ್ ಡೇಟಾ ಎರಡನ್ನೂ ಅದು ಬಳಸಬಲ್ಲದು. ಇದು ಯಾವುದೂ ಬೇಡವೆಂದರೆ ದಪ್ಪ ನಲ್ಲಿಯನ್ನೇ ಹಾಕಿಸಿ: ಹತ್ತು ಗಿಗಾಬಿಟ್‌ನ ಒಂದೇ ಕಾರ್ಡು.

ಕಾರ್ಡು ಕೊಳ್ಳುವ ಮೊದಲು ಎರಡು ಪ್ರಶ್ನೆ ಹಾಕಿಕೊಳ್ಳಿ. ಒಬ್ಬರದೇ ಕೆಲಸ ಬೇಗ ಆಗಬೇಕೋ, ಹಲವರ ಕೆಲಸ ಒಟ್ಟಿಗೆ ಆಗಬೇಕೋ? ಜೋಡಿಕಟ್ಟು ಹಲವರಿಗೆ. ಕೆಡುವ ಭಯ ಇರುವುದು ವೈರಿಗೋ, ಕಾರ್ಡಿಗೋ, ಸ್ವಿಚ್‌ಗೋ? ಯಾವುದರ ಭಯವೋ ಅದು ಎರಡು ಇರಲಿ.

ಸ್ಟುಡಿಯೊ ಮಾಲೀಕರು ಎರಡನೇ ಕಾರ್ಡನ್ನು ತೆಗೆಸಲಿಲ್ಲ. ಮದುವೆ ಸೀಸನ್ನಿನ ನಡುವೆ ಒಂದು ರಾತ್ರಿ ಇಲಿ ಒಂದು ವೈರನ್ನು ಕಡಿದುಹಾಕಿತು. ಕೆಲಸ ನಿಲ್ಲಲಿಲ್ಲ, ಯಾರಿಗೂ ಗೊತ್ತೂ ಆಗಲಿಲ್ಲ. ಕಸ ಗುಡಿಸುವಾಗ ಯಾರೋ ದೀಪ ಆರಿದ್ದನ್ನು ಕಂಡು ಹೇಳಿದ್ದು ಮೂರು ದಿನದ ಮೇಲೆ. ಅಷ್ಟೂ ದಿನ ಅವರ ಗಾಡಿ ಸ್ಟೆಪ್ನಿ ಇಲ್ಲದೆ ಓಡಿತ್ತು. ನಿಮ್ಮ ಕಚೇರಿಯಲ್ಲೂ ಜೋಡಿ ಕಾರ್ಡಿನ ಸರ್ವರ್ ಇದ್ದರೆ ನಾಳೆ ಒಮ್ಮೆ ಅದರ ಹಿಂದೆ ಬಗ್ಗಿ ನೋಡಿ, ಎರಡೂ ದೀಪ ಉರಿಯುತ್ತಿವೆಯೇ ಎಂದು.